ಬೀದಿಯ ಅಗಲ, ಸಮುದಾಯದ ಸ್ಥಳ: ಮುಂಬಯಿ ನಗರ ಸುಧಾರಣಾ ಟ್ರಸ್ಟ್ ಮತ್ತು ಕನ್ನಡಿಗರ ನೆಲೆಗಳು

ಮುಂಬಯಿಯ ಕನ್ನಡಿಗರನ್ನು ಕುರಿತು ಇದುವರೆಗೆ ನಡೆದಿರುವ ಅಧ್ಯಯನಗಳು ಬಹುಮಟ್ಟಿಗೆ ಎರಡು ದಾರಿಗಳಲ್ಲಿ ಸಾಗಿವೆ. ಒಂದು, ಸಂಘಸಂಸ್ಥೆಗಳ ಚರಿತ್ರೆ. ಇನ್ನೊಂದು, ಸಾಹಿತ್ಯ, ರಂಗಭೂಮಿ, ಪತ್ರಿಕೋದ್ಯಮಗಳ ಸಮೀಕ್ಷೆ. ಇವೆರಡರಲ್ಲಿಯೂ ಮುಂಬಯಿ ಎಂಬ ಊರು ರಂಗದ ಹಿಂದಿನ ಪರದೆಯಂತೆ ನಿಂತುಬಿಡುತ್ತದೆ. ಸಂಘವು ಯಾವ ಇಸವಿಯಲ್ಲಿ ಸ್ಥಾಪನೆಯಾಯಿತು, ಅಧ್ಯಕ್ಷರು ಯಾರಾಗಿದ್ದರು ಎಂಬುದು ತಿಳಿಯುತ್ತದೆಯೇ ಹೊರತು, ಅದು ಆ ಬೀದಿಯಲ್ಲಿಯೇ ಏಕೆ ನೆಲೆಗೊಂಡಿತು, ಆ ನಿವೇಶನ ಮೊದಲು ಯಾರದಾಗಿತ್ತು, ಆ ಬೀದಿಯನ್ನು ಯಾರು ಯಾವ ಉದ್ದೇಶದಿಂದ ನಿರ್ಮಿಸಿದರು ಎಂಬ ಪ್ರಶ್ನೆಗಳನ್ನು ಯಾರೂ ಕೇಳಿದಂತಿಲ್ಲ. ಮತ್ತೊಂದು ಕಡೆ, ಮುಂಬಯಿಯ ನಗರಯೋಜನೆಯನ್ನು ಕುರಿತು ಇಂಗ್ಲಿಷಿನಲ್ಲಿ ಗಟ್ಟಿಯಾದ ಸಂಶೋಧನೆ ನಡೆದಿದೆ. ಪ್ರಶಾಂತ ಕಿದಂಬಿಯವರ 2007ರ ಗ್ರಂಥವೂ ಉಪನಗರಗಳ ವಸತಿಜೀವನವನ್ನು ಕುರಿತ ನಿಖಿಲ್ ರಾವ್ ಅವರ 2013ರ ಗ್ರಂಥವೂ ಈ ವಿಷಯದಲ್ಲಿ ಯಾರೂ ಬಿಡುವಂತಿಲ್ಲದ ಕೃತಿಗಳು. ಆದರೆ ಅಂಥ ಸಂಶೋಧನೆಯು ಮುಖ್ಯವಾಗಿ ಆಡಳಿತದ ಇಂಗ್ಲಿಷ್ ಕಡತಗಳನ್ನು ಆಧರಿಸಿದ್ದು. ಈ ಎರಡು ಬಗೆಯ ಓದುಗಳನ್ನು ಒಂದೇ ಬೀದಿಯಲ್ಲಿ ಎದುರುಬದುರಾಗಿ ನಿಲ್ಲಿಸಿದರೆ ಏನು ಕಾಣುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮಧ್ಯಕಾಲೀನ ಕಾವ್ಯಗಳ ಪುರವರ್ಣನೆಗಳನ್ನೂ ಶಾಸನಗಳನ್ನೂ ಓದುತ್ತ ಬಂದವನಿಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಹೇಗೆ ಎಂಬುದು ಮುಂದೆ ತಾನಾಗಿಯೇ ತಿಳಿಯುತ್ತದೆ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ವೈದ್ಯ ಅಕಾಸಿಯೊ ಗಾಬ್ರಿಯೆಲ್ ವೀಗಸ್ ಅವರು ಪ್ಲೇಗನ್ನು ಗುರುತಿಸಿದರು. ಮುಂದಿನ ಕೆಲವು ತಿಂಗಳುಗಳಲ್ಲಿ ಊರು ಬರಿದಾಯಿತು. 1891ರ ಜನಗಣತಿಯಲ್ಲಿ 8,21,764ರಷ್ಟಿದ್ದ ನಗರದ ಜನಸಂಖ್ಯೆ 1901ರಲ್ಲಿ 7,76,006ಕ್ಕೆ ಇಳಿಯಿತು. ಬೆಳೆಯುವುದನ್ನೇ ರೂಢಿ ಮಾಡಿಕೊಂಡಿದ್ದ ಬಂದರು ನಗರದ ಪಾಲಿಗೆ ಇದು ಸಣ್ಣ ಮಾತಲ್ಲ. ರೋಗದ ಮೂಲ ಕೊಳಕು ಗಾಳಿ, ಕತ್ತಲೆಯ ಕೋಣೆ, ಇಕ್ಕಟ್ಟಾದ ಓಣಿ ಎಂಬುದು ಅಂದಿನ ಅಧಿಕಾರಿಗಳ ದೃಢವಾದ ನಂಬಿಕೆ. ಇಲಿ ಮತ್ತು ಚಿಗಟಗಳ ಪಾತ್ರ ವಿಜ್ಞಾನಕ್ಕೆ ಖಚಿತವಾಗುವ ಹೊತ್ತಿಗೆ ಬೀದಿಗಳ ನಕ್ಷೆ ಸಿದ್ಧವಾಗಿತ್ತು. ಆದ್ದರಿಂದ ಆಧುನಿಕ ಮುಂಬಯಿಯ ಬೀದಿಗಳನ್ನು ಸ್ವಲ್ಪಮಟ್ಟಿಗೆ ಒಂದು ತಪ್ಪು ರೋಗನಿದಾನದ ಫಲವೆಂದೇ ಹೇಳಬಹುದಾಗಿದೆ. ತಪ್ಪು ನಿದಾನದಿಂದಲೂ ಕೆಲವೊಮ್ಮೆ ಒಳ್ಳೆಯ ಬೀದಿ ಹುಟ್ಟುತ್ತದೆ ಎಂಬುದು ಬೇರೆ ಮಾತು.

ಈ ಸಂದರ್ಭದಲ್ಲಿ, 1898ರ ನಾಲ್ಕನೆಯ ಅಧಿನಿಯಮದ ಮೂಲಕ ‘ಬಾಂಬೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್’ ಅಸ್ತಿತ್ವಕ್ಕೆ ಬಂದಿತು. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ 1866ರಿಂದ ನಡೆದುಬಂದಿದ್ದ ಸುಧಾರಣಾ ಕಾರ್ಯ ಇದಕ್ಕೆ ಮೇಲ್ಪಂಕ್ತಿ. ನಗರದಲ್ಲಿ ಆಗಲೇ 1888ರ ಕಾಯಿದೆಯ ಮೇರೆಗೆ ಚುನಾಯಿತ ಸದಸ್ಯರಿದ್ದ ಮುನಿಸಿಪಲ್ ಕಾರ್ಪೊರೇಶನ್ ಇತ್ತು. ಅದಿರುವಾಗ ಬೇರೊಂದು ಟ್ರಸ್ಟ್ ಏಕೆ ಬೇಕಾಯಿತು ಎಂಬುದು ಗಮನಾರ್ಹವಾದ ಪ್ರಶ್ನೆ. ಕಾರ್ಪೊರೇಶನ್ನಿನಲ್ಲಿ ಮನೆಮಾಲಿಕರ ಧ್ವನಿ ಹೆಚ್ಚು. ಮನೆ ಕೆಡಹುವ ಕೆಲಸ ಅವರಿಂದ ಆಗದು ಎಂಬುದು ಸರಕಾರದ ಲೆಕ್ಕಾಚಾರ. ಟ್ರಸ್ಟಿನ ಅಧ್ಯಕ್ಷರನ್ನು ಸರಕಾರವೇ ನೇಮಿಸುತ್ತಿತ್ತು. ಕಾರ್ಪೊರೇಶನ್, ವಾಣಿಜ್ಯ ಮಂಡಳಿ, ಬಂದರು ಟ್ರಸ್ಟ್, ಗಿರಣಿ ಮಾಲಿಕರ ಸಂಘ ಮೊದಲಾದವುಗಳ ಪ್ರತಿನಿಧಿಗಳು ಅದರಲ್ಲಿದ್ದರು. ಸರಕಾರದ ಮತ್ತು ನಗರಸಭೆಯ ಖಾಲಿ ಜಾಗಗಳನ್ನು ಅದರ ವಶಕ್ಕೆ ಕೊಡಲಾಯಿತು. ಸಾಲ ಎತ್ತುವ, ಜಮೀನನ್ನು ಕಡ್ಡಾಯವಾಗಿ ಸ್ವಾಧೀನಪಡಿಸಿಕೊಳ್ಳುವ ಅಧಿಕಾರವೂ ದೊರೆಯಿತು. ಬಾಡಿಗೆದಾರನ, ದಿನಗೂಲಿಯವನ ಧ್ವನಿಗೆ ಈ ರಚನೆಯಲ್ಲಿ ಎಡೆಯಿರಲಿಲ್ಲವೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಟ್ರಸ್ಟಿನ ಮೊದಲ ಘಟ್ಟದ ಕೆಲಸ ಹಳೆಯ ನಗರದ ನಡುವೆ ಅಗಲವಾದ ಬೀದಿಗಳನ್ನು ಸೀಳಿ ತೆಗೆಯುವುದು. ಪಶ್ಚಿಮದ ಕಡಲಗಾಳಿಯನ್ನು ದಟ್ಟಣೆಯ ಒಳಕೇರಿಗಳಿಗೆ ಹಾಯಿಸಬೇಕೆಂಬ ಉದ್ದೇಶದಿಂದ ಚೌಪಾಟಿಯ ಕಡೆಯಿಂದ ಪೂರ್ವಕ್ಕೆ ಸ್ಯಾಂಡ್‌ಹರ್ಸ್ಟ್ ರಸ್ತೆಯನ್ನು ಎಳೆಯಲಾಯಿತು. ಅದರ ಪಶ್ಚಿಮ ಭಾಗ ಇಂದು ಸರದಾರ ವಲ್ಲಭಭಾಯಿ ಪಟೇಲ್ ರಸ್ತೆ. ಅದೇ ಉದ್ದೇಶದ ಪ್ರಿನ್ಸೆಸ್ ಸ್ಟ್ರೀಟಿಗೆ ಈಗ ಶಾಮಲದಾಸ ಗಾಂಧಿ ಮಾರ್ಗವೆಂದು ಹೆಸರು. ಉತ್ತರ-ದಕ್ಷಿಣವಾಗಿ ಹಾಯುವ ಮಹಮ್ಮದಲಿ ರಸ್ತೆಯೂ ಟ್ರಸ್ಟಿನದೇ ಸೃಷ್ಟಿ. ನಾಗಪಾಡಾದಂಥ ಕಡೆ ಇಡೀ ಕೇರಿಗಳನ್ನು ಕೆಡಹಿ ಹೊಸದಾಗಿ ವಿನ್ಯಾಸಗೊಳಿಸಲಾಯಿತು.

ಬೆಳಕಿನ ವಿಚಾರದಲ್ಲಿ ಟ್ರಸ್ಟ್ ಒಂದು ಅಳತೆಯನ್ನೂ ಕಂಡುಕೊಂಡಿತು. 1910ರ ದಶಕದಲ್ಲಿ ಅಧ್ಯಕ್ಷರಾಗಿದ್ದ ಜೆ. ಪಿ. ಓರ್ ಅವರು ಅರುವತ್ತಮೂರೂವರೆ ಡಿಗ್ರಿಯ ನಿಯಮವೊಂದನ್ನು ಪಟ್ಟುಹಿಡಿದು ಪ್ರಚಾರಮಾಡಿದರು. ಕೋಣೆಯ ಗೋಡೆಯ ಬುಡದಿಂದ ಎದುರಿನ ಕಟ್ಟಡದ ನೆತ್ತಿಗೆ ಎಳೆದ ಗೆರೆ ನೆಲದೊಡನೆ ಈ ಕೋನವನ್ನು ಮೀರಬಾರದು. ಸರಳವಾಗಿ ಹೇಳುವುದಾದರೆ, ಎದುರಿನ ಕಟ್ಟಡ 40 ಅಡಿ ಎತ್ತರವಿದ್ದರೆ ನಡುವೆ 20 ಅಡಿಯಾದರೂ ತೆರವು ಇರಬೇಕು. ಬೀದಿಯೆಂದರೆ ಓಡಾಟದ ದಾರಿ ಮಾತ್ರವಲ್ಲ, ಮನೆಗೆ ಬೆಳಕನ್ನು ತರುವ ಸಾಧನ ಎಂಬ ತಿಳಿವಳಿಕೆ ಈ ನಿಯಮದ ಹಿಂದಿದೆ. ಮಾತುಂಗದ ಹಳೆಯ ಮನೆಗಳ ನಡುವೆ ಮಧ್ಯಾಹ್ನದ ಹೊತ್ತು ನಡೆದಾಡಿದವರಿಗೆ ಇದರ ಬೆಲೆ ಗೊತ್ತು.

ಆದರೆ ಕೆಡಹಿದ ಜಾಗದ ಜನ ಎಲ್ಲಿಗೆ ಹೋದರು? ಮೊದಲ ಎರಡು ದಶಕಗಳಲ್ಲಿ ಟ್ರಸ್ಟ್ ಕಟ್ಟಿದ ಕೊಠಡಿಗಳಿಗಿಂತ ಕೆಡಹಿದ ಕೊಠಡಿಗಳೇ ಹೆಚ್ಚು ಎಂಬುದರಲ್ಲಿ ಇತಿಹಾಸಕಾರರಿಗೆ ಭಿನ್ನಾಭಿಪ್ರಾಯವಿಲ್ಲ. ಬಾಡಿಗೆ ತೆರಲಾರದವರು ಪಕ್ಕದ ಕೇರಿಗೆ ಸರಿದರು. ಅಲ್ಲಿ ಇಕ್ಕಟ್ಟು ಇಮ್ಮಡಿಸಿತು. 1919ರಿಂದ 1924ರವರೆಗೆ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಪ್ಯಾಟ್ರಿಕ್ ಗೆಡೀಸ್ ಅವರು ಭಾರತದ ಹಲವು ನಗರಗಳನ್ನು ಕುರಿತ ವರದಿಗಳಲ್ಲಿ ಈ ಬಗೆಯ ಸೀಳುಬೀದಿಗಳನ್ನು ಬಲವಾಗಿ ವಿರೋಧಿಸಿದ್ದರು. ಹಳೆಯ ಕೇರಿಯನ್ನು ಉಳಿಸಿಕೊಂಡೇ, ಬೇಕಾದಲ್ಲಿ ಮಾತ್ರ ಕತ್ತರಿ ಆಡಿಸಬೇಕೆಂಬುದು ಅವರ ಮತ. ಟ್ರಸ್ಟ್ ತಾನೂ ಕ್ರಮೇಣ ಒಳನಗರದ ಕೆಡಹುವಿಕೆಯಿಂದ ಹಿಮ್ಮೆಟ್ಟಿ, ಉತ್ತರದ ಬಯಲುಗಳಲ್ಲಿ ಹೊಸ ನಿವೇಶನಗಳನ್ನು ಮಾಡಿ ಜನರನ್ನು ಅತ್ತ ಸೆಳೆಯುವ ಪರೋಕ್ಷ ಮಾರ್ಗವನ್ನು ಹಿಡಿಯಿತು. ದಾದರ್-ಮಾತುಂಗ, ಸಯನ್-ಮಾತುಂಗ ಯೋಜನೆಗಳು ಈ ಎರಡನೆಯ ಮಾರ್ಗದ ಫಲಗಳು.

ಇಲ್ಲಿ ಸ್ವಲ್ಪ ನಿಂತು, ‘ಸಮುದಾಯ ಸೌಕರ್ಯ’ ಎಂದು ಇಂದು ನಗರಯೋಜಕರು ಕರೆಯುವುದನ್ನು ನಮ್ಮ ಶಾಸನಗಳು ಹೇಗೆ ಕಂಡಿವೆ ಎಂಬುದನ್ನು ನೆನೆಯುವುದು ಅಪ್ರಸ್ತುತವಾಗದು. ಹುಂಚದ 1062ರ ಶಾಸನಗಳಲ್ಲಿ ಪಟ್ಟಣಸ್ವಾಮಿ ನೊಕ್ಕಯ್ಯಸೆಟ್ಟಿ ಬಸದಿಯನ್ನೂ ಕೆರೆಗಳನ್ನೂ ಮಾಡಿಸಿದ ಸಂಗತಿ ಇದೆ. ಬಳ್ಳಿಗಾವೆಯ ಕೋಡಿಯ ಮಠವನ್ನು ಕುರಿತ 1162ರ ಶಾಸನ ಇನ್ನೂ ವಿವರವಾದದ್ದು. ವೇದ, ವ್ಯಾಕರಣ, ದರ್ಶನಗಳ ಅಧ್ಯಯನ ಒಂದು ಕಡೆ, ದೀನರಿಗೂ ಕುರುಡರು ಕುಂಟರಿಗೂ ಅನ್ನದಾನ ಇನ್ನೊಂದು ಕಡೆ, ರೋಗಿಗಳ ಚಿಕಿತ್ಸೆ ಮತ್ತೊಂದು ಕಡೆ ಒಂದೇ ಸ್ಥಳದಲ್ಲಿ ನಡೆಯುತ್ತಿದ್ದುದನ್ನು ಅದು ಹೇಳುತ್ತದೆ. ಕೆರೆ, ಅರವಟ್ಟಿಗೆ, ಛತ್ರ, ಮಠ ಇವು ಊರಿನ ಸೌಕರ್ಯಗಳು. ಶಾಸನ ಅವುಗಳ ಅಗಲ ಉದ್ದಗಳನ್ನು ಹೇಳದಿರಬಹುದು, ಯಾರಿಗಾಗಿ ಎಂಬುದನ್ನು ಹೇಳದೆ ಬಿಡುವುದಿಲ್ಲ. ಟ್ರಸ್ಟಿನ ನಕ್ಷೆಯ ರೀತಿ ಇದಕ್ಕೆ ತೀರ ವಿರುದ್ಧ. ಬೀದಿ ಎಷ್ಟು ಅಡಿ, ನಿವೇಶನ ಎಷ್ಟು ಚದರ ಗಜ, ಕಟ್ಟಡ ಎಷ್ಟು ಅಂತಸ್ತು ಎಂಬುದೆಲ್ಲ ಅಲ್ಲಿ ಕರಾರುವಾಕ್ಕಾಗಿ ಇದೆ. ಯಾರಿಗಾಗಿ ಎಂಬ ಅಂಕಣ ಮಾತ್ರ ಖಾಲಿ. ಕೇರಿಗೆ ಹೆಸರಿಲ್ಲ, ಯೋಜನೆಯ ಸಂಖ್ಯೆ ಇದೆ. ಹಳೆಯ ವ್ಯವಸ್ಥೆಯನ್ನು ಹೊಗಳುವುದಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. ಅಗ್ರಹಾರದ ಬೀದಿಗೆ ಯಾರು ಕಾಲಿಡಬಹುದಿತ್ತು, ಯಾರು ಇಡುವಂತಿರಲಿಲ್ಲ ಎಂಬುದು ನಮಗೆ ತಿಳಿಯದ್ದಲ್ಲ. ಖಾಲಿ ಬಿಟ್ಟ ಅಂಕಣದಲ್ಲಿ ಒಂದು ಬಗೆಯ ಅವಕಾಶವೂ ಇತ್ತು ಎಂಬುದನ್ನು ತೋರಿಸುವುದಕ್ಕಾಗಿಯೇ ಹೇಳುತ್ತಿದ್ದೇನೆ.

ಆ ಅವಕಾಶವನ್ನು ಮೊದಲು ಬಳಸಿಕೊಂಡವರಲ್ಲಿ ಕನ್ನಡ ಕರಾವಳಿಯಿಂದ ಬಂದವರಿದ್ದರು. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸು ಪ್ರಾಂತದಿಂದ ಬೇರ್ಪಟ್ಟು ಮುಂಬಯಿ ಪ್ರಾಂತಕ್ಕೆ ಸೇರಿತು. ಆ ಬಳಿಕ ಕಾರವಾರ, ಹೊನ್ನಾವರ, ಕುಮಟೆಗಳ ವಿದ್ಯಾವಂತನಿಗೆ ಮುಂಬಯಿಯೇ ರಾಜಧಾನಿ, ವಿಶ್ವವಿದ್ಯಾಲಯ, ಹೈಕೋರ್ಟು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಎಂದು ಮೂರು ಭಾಷೆಗಳಲ್ಲಿ ಬದುಕುತ್ತಿದ್ದ ಚಿತ್ರಾಪುರ ಸಾರಸ್ವತರು ಗಿರಗಾಂವದ ಸುತ್ತಮುತ್ತಲ ಚಾಳುಗಳಲ್ಲಿ ಬಾಡಿಗೆಗೆ ಇದ್ದರು. ಅವರಲ್ಲಿ ಒಬ್ಬರಾದ ರಾವಬಹಾದ್ದೂರ್ ಶ್ರೀಪಾದ ಸುಬ್ರಾವ್ ತಾಲಮಕಿ ಅವರು 1906ರಲ್ಲಿ ತಮ್ಮ ಹಿರಿಯರಾದ ಶಾಮರಾವ್ ವಿಠಲ ಕೈಕಿಣಿಯವರ ಹೆಸರಿನಲ್ಲಿ ಸಹಕಾರಿ ಪತ್ತಿನ ಸಂಸ್ಥೆಯೊಂದನ್ನು ತೆರೆದರು. ಅದೇ ಮುಂದೆ ಶಾಮರಾವ್ ವಿಠಲ ಸಹಕಾರಿ ಬ್ಯಾಂಕು. 1911ರಲ್ಲಿ ಕೆನರಾ ಸಾರಸ್ವತ ಅಸೋಸಿಯೇಶನ್ ಹುಟ್ಟಿತು. 1915ರಲ್ಲಿ ತಾಲಮಕಿಯವರೇ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವನ್ನು ಕಟ್ಟಿದರು. ದೇಶದ ಸಹಕಾರಿ ವಸತಿ ಚಳವಳಿಯ ಆರಂಭವನ್ನು ವಿದ್ವಾಂಸರು ಸಾಮಾನ್ಯವಾಗಿ ಈ ಸಂಘದಿಂದಲೇ ಗುರುತಿಸುತ್ತಾರೆ.

ಸಂಘದ ಮೊದಲ ಕಟ್ಟಡಗಳು ಎದ್ದದ್ದು ಗಾಮದೇವಿಯಲ್ಲಿ, ಟ್ರಸ್ಟ್ ಅಭಿವೃದ್ಧಿಪಡಿಸಿ ಗುತ್ತಿಗೆಗೆ ಕೊಟ್ಟ ನಿವೇಶನಗಳ ಮೇಲೆ. ಇದರ ಕ್ರಮ ಸರಳ. ಜಾಗ ಟ್ರಸ್ಟಿನದು, ಕಟ್ಟಡ ಸಂಘದ್ದು, ಸದಸ್ಯ ಷೇರುದಾರನೂ ಹೌದು ಬಾಡಿಗೆದಾರನೂ ಹೌದು. ಇಂಗ್ಲೆಂಡಿನಲ್ಲಿ ಆಗ ರೂಢಿಗೆ ಬಂದಿದ್ದ ಸಹಭಾಗಿ ಬಾಡಿಗೆದಾರಿಕೆಯ ಪದ್ಧತಿಯನ್ನು ತಾಲಮಕಿಯವರು ಇಲ್ಲಿಗೆ ಒಗ್ಗಿಸಿದರು. ಗುಮಾಸ್ತನ ಸಂಬಳದವನು ಒಬ್ಬನೇ ಟ್ರಸ್ಟಿನ ನಿವೇಶನವನ್ನು ಪಡೆಯುವಂತಿರಲಿಲ್ಲ. ಹಲವರು ಕೂಡಿದಾಗ ಅದು ಸಾಧ್ಯವಾಯಿತು. ಅಗಲವಾದ ಬೀದಿ, ಗಾಳಿ ಬೆಳಕಿನ ಅಳತೆ, ಚರಂಡಿ ಇವನ್ನು ಆಡಳಿತ ಕೊಟ್ಟಿತು. ಒಬ್ಬರ ಮನೆಯ ಮದುವೆಗೆ ಎದುರುಮನೆಯ ಪಡಸಾಲೆ, ಊರಿನಿಂದ ಬಂದ ವಿದ್ಯಾರ್ಥಿಗೆ ಮೂಲೆಯ ಕೋಣೆ, ವಾರದ ಭಜನೆಗೆ ಮಹಡಿ ಇವೆಲ್ಲ ಸಂಘದಿಂದ ಬಂದವು. ಮುಂದೆ ಸಾಂತಾಕ್ರೂಜದ ಸಾರಸ್ವತ ಕಾಲೋನಿ, ತಾರದೇವದ ತಾಲಮಕಿವಾಡಿಗಳಲ್ಲಿ ಇದೇ ಮಾದರಿ ವಿಸ್ತರಿಸಿತು. ‘ವಾಡಿ’ ಎಂಬ ಹಳೆಯ ಮುಂಬಯಿಯ ಮಾತಿನೊಡನೆ ಕರಾವಳಿಯ ಒಂದು ಊರಿನಿಂದ ಬಂದ ಮನೆತನದ ಹೆಸರು ಕೂಡಿಕೊಂಡು ಹೊಸ ಸ್ಥಳನಾಮವಾದದ್ದನ್ನು ಸ್ಥಳನಾಮಗಳ ಅಭ್ಯಾಸಿಗಳು ಗಮನಿಸತಕ್ಕದ್ದು.

ಒಂದು ಜಾತಿಗೆ ಸೀಮಿತವಾದ ವಸತಿಯನ್ನು ಸಾರ್ವಜನಿಕ ಸೌಕರ್ಯವೆನ್ನಬಹುದೆ ಎಂಬ ಆಕ್ಷೇಪ ಸಹಜವಾದದ್ದು. ಆಕ್ಷೇಪ ನ್ಯಾಯವಾದದ್ದೇ. ಹೊಸ ಬಡಾವಣೆ ಹಳೆಯ ಕೇರಿಯ ಗುಣವನ್ನು ಕಳೆದುಕೊಳ್ಳಲಿಲ್ಲ. 1898ರ ಪ್ಲೇಗಿನ ಹಿನ್ನೆಲೆಯಲ್ಲಿ ಬೆಳೆದ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಲ್ಲಿಯೂ ನಿವೇಶನಗಳ ಹಂಚಿಕೆ ಜಾತಿಯನ್ನು ನೋಡಿಯೇ ನಡೆಯಿತು. ಮೈಸೂರಿನಲ್ಲಿ 1903ರಷ್ಟು ಹಿಂದೆಯೇ ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಗಿತ್ತು. ಮುಂಬಯಿಯ ಮಾದರಿಯನ್ನು ಕನ್ನಡ ನಾಡಿನ ನಗರಗಳೊಂದಿಗೆ ಹೋಲಿಸಿ ನೋಡುವ ಕೆಲಸ ಬಾಕಿ ಇದೆ. ಒಂದು ವ್ಯತ್ಯಾಸ ಮೇಲುನೋಟಕ್ಕೇ ಕಾಣುತ್ತದೆ. ಬೆಂಗಳೂರಿನಲ್ಲಿ ಸಮುದಾಯಗಳ ವಿಂಗಡಣೆಯನ್ನು ಸರಕಾರವೇ ನಕ್ಷೆಯಲ್ಲಿ ಬರೆಯಿತು. ಮುಂಬಯಿಯಲ್ಲಿ ಅದನ್ನು ಸಂಘಗಳು ಗುತ್ತಿಗೆ ಪತ್ರದ ಮೂಲಕ ಬರೆದುಕೊಂಡವು.

ಮಾತುಂಗದ ಚರಿತ್ರೆ ಇದಕ್ಕಿಂತ ಹೆಚ್ಚು ಮಿಶ್ರವಾದದ್ದು. ಮಾಹಿಮನ್ನು ಆಳಿದ ಬಿಂಬರಾಜನ ಆನೆಗಳ ಲಾಯ ಅಲ್ಲಿತ್ತು, ಆದ್ದರಿಂದ ‘ಮಾತಂಗ’ ಎಂಬ ಐತಿಹ್ಯವಿದೆ. ಮರುಬಾಯಿ ದೇವಿಯ ಹೆಸರಿನಿಂದ ಬಂದದ್ದೆಂದು ಹೇಳುವವರೂ ಇದ್ದಾರೆ. ಆನೆಯ ಕತೆ ಕಿವಿಗೆ ಇಂಪಾದದ್ದು, ನಂಬಲರ್ಹವೆಂದು ತೋರುವುದಿಲ್ಲ. ಹೊಲ, ತೋಟ, ತಗ್ಗುಭೂಮಿಗಳಾಗಿದ್ದ ಆ ಪ್ರದೇಶವನ್ನು ಟ್ರಸ್ಟ್ ಇಪ್ಪತ್ತನೆಯ ಶತಮಾನದ ಆರಂಭದಿಂದ ಸ್ವಾಧೀನಪಡಿಸಿಕೊಂಡು, ಬೀದಿಗಳನ್ನೂ ಉದ್ಯಾನಗಳನ್ನೂ ಹಾಕಿ, ದೀರ್ಘಾವಧಿಯ ಗುತ್ತಿಗೆಗೆ ನಿವೇಶನಗಳನ್ನು ಬಿಟ್ಟಿತು. ಕಟ್ಟಡದ ಎತ್ತರ, ಬೀದಿಯಿಂದ ಬಿಡಬೇಕಾದ ತೆರವು ಇವೆಲ್ಲವೂ ಕರಾರಿನಲ್ಲಿದ್ದವು. ವಿನ್ಸೆಂಟ್ ರಸ್ತೆ, ಅಂದರೆ ಇಂದಿನ ಡಾ. ಬಾಬಾಸಾಹೇಬ ಅಂಬೇಡ್ಕರ್ ರಸ್ತೆ, ಈ ವಿನ್ಯಾಸದ ಬೆನ್ನೆಲುಬು. ಅದರ ನಡುವೆ ಹಾಸಿದ ಟ್ರಾಮಿನ ಹಳಿಗಳು ಕಿಂಗ್ಸ್ ಸರ್ಕಲ್‌ವರೆಗೆ ಬಂದವು. ಫೋರ್ಟಿನಲ್ಲಿ ಕೆಲಸ, ಮಾತುಂಗದಲ್ಲಿ ಮನೆ ಎಂಬ ಜೀವನಕ್ರಮ ಇದರಿಂದ ಸಾಧ್ಯವಾಯಿತು. (ಮುಂಬಯಿಯ ಕೊನೆಯ ಟ್ರಾಮು ಓಡಿದ್ದು 1964ರ ಮಾರ್ಚ್ 31ರಂದು.) ವಿದ್ಯಾಸಂಸ್ಥೆಗಳಿಗೂ ವಿಶಾಲವಾದ ಜಾಗಗಳು ದೊರೆತವು. ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆ 1923ರಲ್ಲಿ ಬೈಕುಲಾದಿಂದ ಇಲ್ಲಿಗೆ ಬಂದಿತು. 1937ರಲ್ಲಿ ರುಯಿಯಾ ಕಾಲೇಜು ಆರಂಭವಾಯಿತು.

ಬೀದಿಗಳ ಹೆಸರುಗಳನ್ನು ಓದುತ್ತ ನಡೆದರೆ ಇತಿಹಾಸದ ವಿದ್ಯಾರ್ಥಿಗೆ ಗ್ರಂಥಾಲಯದ ಕಪಾಟುಗಳ ನಡುವೆ ನಡೆದಂತೆ ತೋರುತ್ತದೆ: ಭಾವು ದಾಜಿ, ತೆಲಂಗ, ಭಾಂಡಾರ್ಕರ್, ಚಂದಾವರ್ಕರ್. ಭಾವು ದಾಜಿಯವರು ವೈದ್ಯರಾಗಿದ್ದೂ ಶಾಸನಗಳನ್ನು ಓದಿದವರು. ಚಂದಾವರ್ಕರ್ ಎಂಬ ಮನೆತನದ ಹೆಸರಿನೊಳಗೆ ಉತ್ತರ ಕನ್ನಡದ ಚಂದಾವರ ಎಂಬ ಊರು ಅಡಗಿದೆ. ಇಂಥ ಭಾವು ದಾಜಿ ರಸ್ತೆಯಲ್ಲಿಯೇ ಮೈಸೂರು ಅಸೋಸಿಯೇಶನ್ನಿನ ಕಟ್ಟಡ ಇದೆ. 1926ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಹಳೆಯ ಮೈಸೂರಿನಿಂದ ಬಂದ ಉದ್ಯೋಗಸ್ಥರ ಕೂಟವಾಗಿ ತೊಡಗಿ, ಕ್ರಮೇಣ ಎಲ್ಲ ಕನ್ನಡಿಗರ ನಾಟಕ, ಉಪನ್ಯಾಸ, ಸಂಗೀತಗಳ ತಾಣವಾಯಿತು. ಅದರ ‘ನೇಸರು’ ಮಾಸಿಕದ ಸಂಚಿಕೆಗಳು ಸಂಶೋಧಕರಿಗೆ ಉಪಯುಕ್ತವಾದ ಆಕರ. 1933ರಲ್ಲಿ ಹುಟ್ಟಿದ ಕರ್ನಾಟಕ ಸಂಘ ನೆರೆಯ ಮಾಹಿಮಿನಲ್ಲಿ ವಿಶ್ವೇಶ್ವರಯ್ಯನವರ ಸ್ಮಾರಕ ಮಂದಿರವನ್ನು ಹೊಂದಿದೆ. ವಡಾಲದಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ ಇದೆ. ಇವು ಒಂದರಿಂದ ಇನ್ನೊಂದಕ್ಕೆ ದೂರದವಲ್ಲ. ಕನ್ನಡಿಗರು ಮಾತುಂಗವನ್ನು ಆರಿಸಿಕೊಂಡರೆಂದು ಸಾಮಾನ್ಯವಾಗಿ ಹೇಳುತ್ತೇವೆ. ಟ್ರಸ್ಟ್ ತೆರೆದಿಟ್ಟ ನಿವೇಶನಗಳು ಆ ಕಾಲದಲ್ಲಿ ಅಲ್ಲಿದ್ದವು, ಸಂಬಳದವರ ಕೈಗೆ ಎಟಕುವ ಬಾಡಿಗೆಗೆ ಮನೆಗಳು ಸಿಕ್ಕುತ್ತಿದ್ದವು ಎಂಬುದನ್ನು ಅದರ ಜೊತೆಗೇ ಹೇಳಬೇಕು.

ಇನ್ನೊಂದು ಉದಾಹರಣೆ ಊಟಕ್ಕೆ ಸಂಬಂಧಿಸಿದ್ದು. ಮಾತುಂಗ ರೈಲು ನಿಲ್ದಾಣದ ಬಳಿ, ಮಾರುಕಟ್ಟೆಯ ಕಟ್ಟಡದ ಮೊದಲ ಮಹಡಿಯಲ್ಲಿ, ಎ. ರಾಮ ನಾಯಕ ಅವರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಕೆಳಗೆ ತರಕಾರಿ, ಬಾಳೆ ಎಲೆ. ಮೇಲೆ ಪಂಕ್ತಿಯ ಊಟ. ಮಾರುಕಟ್ಟೆಯೆಂಬುದು ನಗರಯೋಜನೆಯ ಕೋಷ್ಟಕದಲ್ಲಿ ಒಂದು ಸೌಕರ್ಯ. ಒಂಟಿಯಾಗಿ ಬಂದು ಕೋಣೆ ಹಂಚಿಕೊಂಡು ಬದುಕುತ್ತಿದ್ದ ತರುಣರಿಗೆ ತಿಂಗಳ ಲೆಕ್ಕದಲ್ಲಿ ಮನೆಯ ಊಟ ಸಿಗುವುದು ಯಾವ ಕೋಷ್ಟ­ಕದಲ್ಲಿಯೂ ಇರಲಿಲ್ಲ.

ಆದರೆ ಬಡಿಸುವವರು ಎಲ್ಲಿ ಮಲಗುತ್ತಿದ್ದರು ಎಂಬುದನ್ನೂ ಕೇಳಬೇಕಾಗುತ್ತದೆ. ಗಾಮದೇವಿ, ಮಾತುಂಗಗಳ ಕತೆ ಸಂಬಳದವರ ಕತೆ. ಮಂಗಳೂರು, ಮಲ್ಪೆಗಳಿಂದ ಹಡಗಿನಲ್ಲಿ ಬಂದು ಹೊಟೇಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರಿಗೆ ಟ್ರಸ್ಟಿನ ಯಾವ ಯೋಜನೆಯೂ ಸಂಬಂಧಿಸಿದ್ದಲ್ಲ. ಅಂಗಡಿ ಮುಚ್ಚಿದ ಮೇಲೆ ಅದೇ ಮೇಜುಗಳನ್ನು ಕೂಡಿಸಿ ಅವರು ಮಲಗುತ್ತಿದ್ದರು. ಹೈದರಾಬಾದು ಸೀಮೆಯಿಂದ ಬಂದು ಕಟ್ಟಡಗಳ ಕಲ್ಲು ಮಣ್ಣು ಹೊತ್ತ, ಬಹುಪಾಲು ತೆಲುಗು ಮಾತನಾಡುತ್ತಿದ್ದ ಕಾಮಾಠಿಗಳು ಕಾಮಾಠಿಪುರಕ್ಕೆ ಹೆಸರು ಕೊಟ್ಟರು. ವಿಜಾಪುರ, ಕಲಬುರಗಿಗಳ ಕಡೆಯಿಂದ ಬರಗಾಲದಲ್ಲಿ ಹೊರಟುಬಂದ ಕೂಲಿಕಾರರದೂ ಇಂಥದೇ ಸ್ಥಿತಿ. ಬೀದಿಯನ್ನು ಮಾಡಿದವರಿಗೆ ಆ ಬೀದಿಯಲ್ಲಿ ಬಾಗಿಲಿರಲಿಲ್ಲ. ಸರಕಾರ 1920ರ ದಶಕದಲ್ಲಿ ಅಭಿವೃದ್ಧಿ ಇಲಾಖೆಯ ಮೂಲಕ ವರಳಿ, ನಾಯಗಾಂವ, ಡಿಲೈಲ್ ರಸ್ತೆ, ಶಿವಡಿಗಳಲ್ಲಿ 207 ಚಾಳುಗಳನ್ನು ಕಟ್ಟಿಸಿತು. ಕಾರ್ಮಿಕರಿಗೆಂದು ಕಟ್ಟಿದ ಆ ಒಂಟಿಕೋಣೆಯ ಮನೆಗಳೂ ಮೊದಮೊದಲು ಕಾರ್ಮಿಕರಿಗೆ ದುಬಾರಿಯಾದವು.

ಹೊಟೇಲಿನ ಹುಡುಗರಿಗೆ ದೊರೆತ ಸಾರ್ವಜನಿಕ ಸ್ಥಳವೆಂದರೆ ರಾತ್ರಿ ಶಾಲೆ. ನನ್ನ ದೃಷ್ಟಿಯಲ್ಲಿ ಮುಂಬಯಿ ಕನ್ನಡಿಗರ ಇತಿಹಾಸದ ಅತ್ಯಂತ ಮುಖ್ಯವಾದ ಅಧ್ಯಾಯ ಇದು. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿ ರಾತ್ರಿ ಶಾಲೆ ನಡೆಸಿದ ಸಂಸ್ಥೆಗಳಲ್ಲಿ ಹಳೆಯದು. 1932ರಲ್ಲಿ ಆರಂಭವಾದ ಬಿಲ್ಲವರ ಅಸೋಸಿಯೇಶನ್ ಗುರುನಾರಾಯಣ ರಾತ್ರಿ ಶಾಲೆಯನ್ನು ನಡೆಸಿತು. ಫೋರ್ಟಿನ ಸುತ್ತ ಇನ್ನೂ ಹಲವು ಕನ್ನಡ ರಾತ್ರಿ ಶಾಲೆಗಳಿದ್ದವು. ಇವುಗಳಲ್ಲಿ ಬಹುಪಾಲಿಗೆ ಸ್ವಂತ ಕಟ್ಟಡವಿರಲಿಲ್ಲ. ಹಗಲು ಮಕ್ಕಳು ಕುಳಿತು ಎದ್ದ ಶಾಲೆಯ ಬೆಂಚುಗಳಲ್ಲಿ ಇಳಿಹೊತ್ತಿನ ಬಳಿಕ ಮೀಸೆ ಮೂಡಿದ ವಿದ್ಯಾರ್ಥಿಗಳು ಬಂದು ಕೂರುತ್ತಿದ್ದರು. ಹಗಲು ಕಚೇರಿಯಲ್ಲಿ ದುಡಿದವರು ರಾತ್ರಿ ಮೇಷ್ಟರಾಗುತ್ತಿದ್ದರು. ಮಾಲಿಕನನ್ನು ಒಪ್ಪಿಸಿ ಎರಡು ಗಂಟೆ ಬಿಡುವು ಪಡೆದು ಬಂದ ಹುಡುಗ ಮೆಟ್ರಿಕ್ ಮುಗಿಸಿ ಬ್ಯಾಂಕಿಗೋ ವಿಮಾ ಕಂಪನಿಗೋ ಸೇರಿದ ಸಂಗತಿ ಮುಂಬಯಿಯ ನೂರಾರು ಕನ್ನಡ ಕುಟುಂಬಗಳಲ್ಲಿ ಇಂದಿಗೂ ಕೇಳಿಬರುತ್ತದೆ.

ಇಲ್ಲಿ ಸ್ಥಳೀಯ ಆಡಳಿತದ ಪಾತ್ರವನ್ನು ಮರೆಯಬಾರದು. 1920ರ ಮುಂಬಯಿ ನಗರ ಪ್ರಾಥಮಿಕ ಶಿಕ್ಷಣ ಕಾಯಿದೆಯ ಬಳಿಕ ಕಾರ್ಪೊರೇಶನ್ ಕಡ್ಡಾಯ ಶಿಕ್ಷಣವನ್ನು ಕೆಲವು ವಾರ್ಡುಗಳಿಂದ ತೊಡಗಿ ಜಾರಿಗೆ ತಂದಿತು. ಬೇರೆ ಬೇರೆ ಭಾಷೆಗಳ ಮಕ್ಕಳಿಗೆ ಅವರವರ ಭಾಷೆಯಲ್ಲಿಯೇ ಕಲಿಸುವ ಪದ್ಧತಿಯನ್ನು ಅದು ಉಳಿಸಿಕೊಂಡು ಬೆಳೆಸಿತು. ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗುಗಳೊಂದಿಗೆ ಕನ್ನಡವೂ ಮಹಾನಗರಪಾಲಿಕೆಯ ಶಾಲೆಗಳ ಮಾಧ್ಯಮವಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಿಂದ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಅದುವರೆಗೆ ತನ್ನದೇ ಪ್ರಾಂತದ ರಾಜಧಾನಿಯಲ್ಲಿದ್ದ ಕನ್ನಡಿಗ ಒಂದು ಬೆಳಗಿನಲ್ಲಿ ಪರರಾಜ್ಯದ ಭಾಷಾ ಅಲ್ಪಸಂಖ್ಯಾತನಾದ. 1960ರ ದಶಕದ ಕೊನೆಯಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ಎದ್ದು ಉಡುಪಿ ಹೊಟೇಲುಗಳ ಮೇಲೆ ಕಲ್ಲು ಬಿದ್ದದ್ದೂ ಉಂಟು. ಆ ದಿನಗಳಲ್ಲಿಯೂ ಪಾಲಿಕೆಯ ಕನ್ನಡ ಶಾಲೆಗಳು ನಡೆದವು. ಆಡಳಿತದ ದಿನಚರಿ ರಾಜಕೀಯದ ಕೋಪಕ್ಕಿಂತ ನಿಧಾನವಾಗಿ ಬದಲಾಗುತ್ತದೆ. ಕೆಲವು ಸಲ ಆ ನಿಧಾನವೇ ರಕ್ಷೆ.

ಟ್ರಸ್ಟ್ 1925ರ ವರ್ಗಾವಣೆ ಕಾಯಿದೆಯ ಮೇರೆಗೆ ಹಂತಹಂತವಾಗಿ ಕಾರ್ಪೊರೇಶನ್ನಿನ ಕೈಸೇರಿ 1933ರಲ್ಲಿ ಅದರಲ್ಲಿ ಸಂಪೂರ್ಣವಾಗಿ ವಿಲೀನವಾಯಿತು. ಮುಂದಿನ ಬೆಳವಣಿಗೆಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1948ರಲ್ಲಿ ಎನ್. ವಿ. ಮೋಡಕ್ ಮತ್ತು ಆಲ್ಬರ್ಟ್ ಮೇಯರ್ ಅವರು ಬೃಹನ್ಮುಂಬಯಿಯ ಮಹಾಯೋಜನೆಯ ರೂಪುರೇಷೆಯನ್ನು ಮಂಡಿಸಿದರು. 1950ರಲ್ಲಿಯೂ 1957ರಲ್ಲಿಯೂ ಉಪನಗರಗಳು ಸೇರಿ ನಗರದ ಎಲ್ಲೆ ದಹಿಸರ್, ಮುಲುಂಡ್‌ಗಳವರೆಗೆ ಹಬ್ಬಿತು. ಮೊದಲ ಅಭಿವೃದ್ಧಿ ಯೋಜನೆ 1964ರಲ್ಲಿ ಸಿದ್ಧವಾಗಿ 1967ರಲ್ಲಿ ಮಂಜೂರಾಯಿತು. ಈ ನಡುವೆ 1966ರ ಮಹಾರಾಷ್ಟ್ರ ಪ್ರಾದೇಶಿಕ ಹಾಗೂ ನಗರಯೋಜನಾ ಕಾಯಿದೆ ಬಂದಿತು. ಶಾಲೆ, ಆಟದ ಮೈದಾನ, ದವಾಖಾನೆ, ಮಾರುಕಟ್ಟೆ, ಗ್ರಂಥಾಲಯಗಳಿಗೆ ನಕ್ಷೆಯಲ್ಲಿಯೇ ನಿವೇಶನಗಳನ್ನು ಮೀಸಲಿಡುವ ಪದ್ಧತಿ ಈ ಘಟ್ಟದಲ್ಲಿ ನೆಲೆಗೊಂಡಿತು. ಟ್ರಸ್ಟಿನ ಕಾಲದಲ್ಲಿ ಖಾಲಿಯಿದ್ದ ಅಂಕಣ ಈಗ ತುಂಬಿತೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಮೀಸಲಾದ ಜಾಗವನ್ನು ಪಾಲಿಕೆ ಕೊಂಡುಕೊಳ್ಳಬೇಕು, ಅದಕ್ಕೆ ಹಣ ಬೇಕು. ಹಣ ಬರುವಷ್ಟರಲ್ಲಿ ಆ ಜಾಗದಲ್ಲಿ ಗುಡಿಸಲುಗಳು ಎದ್ದಿರುತ್ತಿದ್ದವು. ಅವುಗಳಲ್ಲಿ ಇದ್ದವರು ಸೌಕರ್ಯ ಬೇಕಾದವರೇ.

ಸಂಘಗಳೂ ಈ ಹೊತ್ತಿಗೆ ಉಪನಗರಗಳತ್ತ ಹೊರಟವು. 1927ರಲ್ಲಿ ಸ್ಥಾಪನೆಯಾದ ಬಂಟರ ಸಂಘ ಕುರ್ಲಾದಲ್ಲಿ, ಬಿಲ್ಲವರು ಸಾಂತಾಕ್ರೂಜದಲ್ಲಿ, ಮೊಗವೀರರು ಅಂಧೇರಿಯಲ್ಲಿ ತಮ್ಮ ಭವನಗಳನ್ನು ಕಟ್ಟಿದರು. ಎರವಲು ಬೆಂಚಿನಿಂದ ಸ್ವಂತ ಸಭಾಭವನದವರೆಗಿನ ಈ ಪ್ರಯಾಣ ಸಣ್ಣದಲ್ಲ. ಆದರೂ ಒಂದು ಮಾತನ್ನು ಹೇಳದಿರಲಾರೆ. ಎರವಲಿನ ರಾತ್ರಿ ಶಾಲೆಯಲ್ಲಿ ಜಾತಿ ಕೇಳದೆ ಒಂದೇ ಬೆಂಚಿನಲ್ಲಿ ಕುಳಿತವರ ಮಕ್ಕಳು ಈಗ ಬೇರೆ ಬೇರೆ ಭವನಗಳಲ್ಲಿ ಸೇರುತ್ತಾರೆ. ಕನ್ನಡವನ್ನು ಸ್ಥಳದ ಪ್ರಶ್ನೆಯಾಗಿ ನೋಡಿದಾಗ ಇದು ಬಡತನದ ನಷ್ಟವೋ ಸಿರಿತನದ ನಷ್ಟವೋ ಎಂದು ನಿರ್ಣಯಿಸುವುದು ಕಷ್ಟ.

ಇತ್ತೀಚಿನ ಸಂಗತಿಗಳು ಸಂಶೋಧಕರಿಗೆ ಒಂದು ಅವಸರವನ್ನು ತಂದಿಟ್ಟಿವೆ. ಪಾಲಿಕೆ 2015ರ ಫೆಬ್ರವರಿಯಲ್ಲಿ ಪ್ರಕಟಿಸಿದ ಅಭಿವೃದ್ಧಿ ಯೋಜನೆಯ ಕರಡಿನಲ್ಲಿ ರಸ್ತೆಗಳು, ಪೂಜಾಸ್ಥಳಗಳು, ಪಾರಂಪರಿಕ ಕಟ್ಟಡಗಳು ತಪ್ಪಾಗಿ ಗುರುತಾಗಿದ್ದುದನ್ನು ನಾಗರಿಕರು ಎತ್ತಿ ತೋರಿಸಿದರು. ವಿರೋಧ ಬಲವಾದುದರಿಂದ ಎರಡೇ ತಿಂಗಳಲ್ಲಿ ಸರಕಾರ ಅದನ್ನು ಹಿಂತೆಗೆಸಿತು. ತಿದ್ದಿದ ಯೋಜನೆ 2018ರಲ್ಲಿ ಮಂಜೂರಾಯಿತು. ಕಣ್ಣಿಗೆ ಕಾಣುವ ರಸ್ತೆ, ಗುಡಿ, ಮಸೀದಿಗಳೇ ನಕ್ಷೆಯಲ್ಲಿ ತಪ್ಪಿಹೋಗುವುದಾದರೆ, ಒಂದು ಕಟ್ಟಡದೊಳಗೆ ಸಂಜೆ ಏಳರಿಂದ ಒಂಬತ್ತರವರೆಗೆ ಮಾತ್ರ ಅಸ್ತಿತ್ವದಲ್ಲಿದ್ದ ಸಂಸ್ಥೆಯನ್ನು ಅದು ಕಾಣುವುದೆಂತು? ಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕಳೆದ ದಶಕಗಳಲ್ಲಿ ಕುಗ್ಗುತ್ತ ಬಂದಿದೆ. ಇಂಗ್ಲಿಷ್ ಮಾಧ್ಯಮದತ್ತ ತಂದೆತಾಯಿಗಳ ಒಲವು ಇದಕ್ಕೆ ಮುಖ್ಯ ಕಾರಣ. ಹಡಗಿನಲ್ಲಿ ಬರುತ್ತಿದ್ದ ಹುಡುಗರ ಪೀಳಿಗೆ ಮುಗಿದದ್ದು ಇನ್ನೊಂದು. ರಾತ್ರಿ ಶಾಲೆಗಳಲ್ಲಿ ಹೆಚ್ಚಿನವು ನಿಂತುಹೋಗಿವೆ. ಟ್ರಸ್ಟಿನ ಕಾಲದ ಗುತ್ತಿಗೆ ಮನೆಗಳು ಒಂದೊಂದಾಗಿ ಉರುಳಿ ಗೋಪುರಗಳಾಗುತ್ತಿವೆ. 2017ರಿಂದ ಅಭಿವೃದ್ಧಿ ಇಲಾಖೆಯ ಚಾಳುಗಳ ಪುನರ್ನಿರ್ಮಾಣವೂ ತೊಡಗಿದೆ. ಅರುವತ್ತಮೂರೂವರೆ ಡಿಗ್ರಿಯ ಬೆಳಕಿನ ಲೆಕ್ಕ ಆ ಗೋಪುರಗಳ ನಡುವೆ ಯಾರಿಗೂ ನೆನಪಿದ್ದಂತಿಲ್ಲ.

ಟ್ರಸ್ಟಿನ ವಾರ್ಷಿಕ ವರದಿಗಳು ಗ್ರಂಥಾಲಯಗಳಲ್ಲಿಯೂ ಸರಕಾರದ ದಫ್ತರಖಾನೆಯಲ್ಲಿಯೂ ಭದ್ರವಾಗಿವೆ. ಅವುಗಳ ಬಗ್ಗೆ ಚಿಂತೆಯಿಲ್ಲ. ಸಂಘಗಳ ಬೆಳ್ಳಿಹಬ್ಬ, ಸುವರ್ಣಮಹೋತ್ಸವಗಳ ಸ್ಮರಣಸಂಚಿಕೆಗಳು, ರಾತ್ರಿ ಶಾಲೆಗಳ ಹಾಜರಿ ಪುಸ್ತಕಗಳು, ಗೃಹನಿರ್ಮಾಣ ಸಂಘಗಳ ನಡವಳಿ ಪುಸ್ತಕಗಳು ಬೇರೆ ಸ್ಥಿತಿಯಲ್ಲಿವೆ. ಹಾಜರಿ ಪುಸ್ತಕದಲ್ಲಿ ವಿದ್ಯಾರ್ಥಿಯ ಹೆಸರಿನ ಮುಂದೆ ಸ್ವಂತ ಊರು, ಮುಂಬಯಿಯ ವಿಳಾಸ, ಉದ್ಯೋಗ ಇರುವುದುಂಟು. ವಿಳಾಸದ ಅಂಕಣದಲ್ಲಿ ಹೊಟೇಲಿನ ಹೆಸರನ್ನೇ ಬರೆದ ಪುಟಗಳನ್ನು ನಾನು ನೋಡಿದ್ದೇನೆ. ಅಂಥ ಒಂದು ಕಟ್ಟನ್ನು ಹುಡುಕಿಕೊಂಡು ಕೆಲವು ವರ್ಷಗಳ ಹಿಂದೆ ಒಂದು ಹಳೆಯ ಶಾಲೆಯ ಕಟ್ಟಡಕ್ಕೆ ಹೋಗಿದ್ದೆ. ಕಪಾಟು ಇತ್ತು, ಮೇಲೆ ಶಾಲೆಯ ಹೆಸರು ಕನ್ನಡದಲ್ಲಿ ಅರೆ ಅಳಿಸಿದಂತೆ ಉಳಿದಿತ್ತು, ಒಳಗೆ ಬೇರೆ ತರಗತಿಯ ಕ್ರೀಡಾಸಾಮಗ್ರಿ ತುಂಬಿತ್ತು. ಕಾವಲುಗಾರ ಕಲಬುರಗಿಯ ಕಡೆಯವನು. ಪುಸ್ತಕಗಳ ಕಟ್ಟನ್ನು ಹಿಂದಿನ ಮಳೆಗಾಲಕ್ಕೆ ಮೊದಲು ರದ್ದಿಯವನು ಒಯ್ದನೆಂದೂ, ತೂಕ ಹದಿನಾಲ್ಕು ಕಿಲೋ ಬಂದಿತೆಂದೂ ಅವನೇ ಹೇಳಿದ.